ಪೈಲಟ್ಟಮ್ಮನ ಸಿಟ್ಟು

ಸಿಟ್ಟು ಮಾಡಿಕೊಳ್ಳಬಾರದು ಎಂದು ಡಾಕ್ಟರು ನನಗೆ ಹೇಳಿದ್ದಾರೆ. ಅವರಿಗೇನು, ದಾವಣಗೆರೆಯಲ್ಲಿ ತಣ್ಣಗೆ ಕೂತಿದ್ದಾರೆ. ನಾನಿರುವುದು ಹೊನ್ನಾಳಿಯಲ್ಲಿ, ಮಾಳಿಗೆಯ ಮೇಲೊಂದು ವಿಮಾನ ಇಟ್ಟುಕೊಂಡು. ಇಂಥ ಹೆಂಗಸಿನ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆದಾಗಲೆಲ್ಲ ಊರು ನಗುತ್ತದೆ, ನಾನು ಹಲ್ಲು ಕಡಿಯುತ್ತೇನೆ.

ನಿಜವಾದ ವಿಮಾನವನ್ನು ವರ್ಷಗಟ್ಟಲೆ ಹಾರಿಸಿದವಳು ನಾನು. ಎರಡೂ ರೆಕ್ಕೆಗೆ ಫ್ಯಾನು ತಿರುಗುವ, ಸಣ್ಣ ಊರುಗಳಿಗೆ ಜನರನ್ನು ಒಯ್ಯುವ ವಿಮಾನ. ಒಂದು ವರ್ಷ ಒಳಗಿವಿ ಕೆಟ್ಟು ತಲೆಸುತ್ತು ಶುರುವಾಯಿತು. ತಪಾಸಣೆ ಮಾಡಿದವರು ‘ಅನರ್ಹ’ ಅಂದರು. ಆ ಒಂದು ಶಬ್ದದ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಗಂಡ ಹೊನ್ನಾಳಿಯಲ್ಲಿ ದನದ ಡಾಕ್ಟರು. ಇಲ್ಲಿಗೆ ಬಂದು ಕೆಲವು ದಿನ ಗೋಡೆ ನೋಡಿಕೊಂಡು ಕೂತೆ. ಆಮೇಲೆ ಮಾಳಿಗೆಯ ಕೋಣೆಯಲ್ಲಿ ಮೂರು ದೊಡ್ಡ ಪರದೆ, ಕೈಗೆ ವಿಮಾನದ್ದೇ ಥರದ ಸ್ಟೀರಿಂಗು, ಕಾಲಿಗೆ ಪೆಡಲು, ಹಳೇ ಜೀಪಿನ ಸೀಟು ಎಲ್ಲ ಜೋಡಿಸಿಕೊಂಡು ಕಂಪ್ಯೂಟರಿನಲ್ಲಿ ಹಾರುವುದಕ್ಕೆ ಶುರು ಮಾಡಿದೆ. ಫ್ಲೈಟ್ ಸಿಮ್ಯುಲೇಟರ್ ಅನ್ನುತ್ತಾರೆ. ಊರವರು ‘ಪೈಲಟ್ಟಮ್ಮನ ಆಟದ ಸಾಮಾನು’ ಅನ್ನುತ್ತಾರೆ. ಅದಕ್ಕೂ ಸಿಟ್ಟು ಬರುತ್ತದೆ.

ಟ್ರ್ಯಾಕ್ಟರ್

ನ್ಯಾಮತಿಯಿಂದ ಗಂಡನ ದೊಡ್ಡಪ್ಪ ಬಂದರು. ನನಗೆ ದೊಡ್ಡ ಮಾವ. ಮೆಟ್ಟಿಲು ಹತ್ತಿ ಬಂದು ಯಂತ್ರವನ್ನೆಲ್ಲ ಸುತ್ತು ಹಾಕಿ ನೋಡಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ ಕೇಳಿದರು, “ಎಷ್ಟು ಎತ್ತರದಾಗೆ ಹಾರ್ಸಿದೀಯಪ್ಪಾ?”

“ನಾನಲ್ಲ ದೊಡ್ಡಪ್ಪ, ಹಾರ್ಸಿದ್ದು ಇವಳು.”

“ಹೌದಾ?” ಅಂತ ನನ್ನನ್ನೊಮ್ಮೆ ನೋಡಿದರು. ಮತ್ತೆ ಗಂಡನಿಗೇ ಕೇಳಿದರು, “ಮೋಡದೊಳಗೆ ಹೊಕ್ಕರೆ ದಾರಿ ಹೆಂಗೆ ಗೊತ್ತಾಗತೈತೆ?”

ನಾನೇ ಬಾಯಿ ಹಾಕಿ ಮುಂದಿನ ಗಡಿಯಾರದಂಥ ಸಲಕರಣೆಗಳನ್ನೆಲ್ಲ ತೋರಿಸಿ ವಿವರಿಸಿದೆ. ಸಮಾಧಾನವಾಗಿ ಕೇಳಿಸಿಕೊಂಡರು. ಮುಗಿದ ಮೇಲೆ ಗಂಡನ ಭುಜ ತಟ್ಟಿದರು. “ಪರವಾಗಿಲ್ಲ, ಚೆನ್ನಾಗಿ ಕಲ್ಸಿದೀಯ.”

ನನ್ನ ಮೈ ಉರಿದುಹೋಯಿತು. ಒಳಗಿನಿಂದ ಹಳೇ ಫೋಟೋ ತಂದು ಮುಖಕ್ಕೆ ಹಿಡಿದೆ. ಯೂನಿಫಾರ್ಮ್ ಹಾಕಿಕೊಂಡು ನಾನು ನಿಜವಾದ ವಿಮಾನದ ಎಡಗಡೆ, ಕ್ಯಾಪ್ಟನ್ ಸೀಟಿನಲ್ಲಿ ಕೂತಿರುವ ಫೋಟೋ. ದೊಡ್ಡ ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮೊದಲನೇ ಸಲ ನನ್ನನ್ನೇ ಕೇಳಿದರು.

“ಅಲ್ಲಮ್ಮಾ, ಮುಂದಕ್ಕೆ ನೀನೇ ಓಡ್ಸಿದೆ ಅನ್ನು. ಹಿಂದಕ್ಕೆ ತಗಳಾಕೆ?”

“ವಿಮಾನ ತಾನಾಗಿ ಹಿಂದಕ್ಕೆ ಬರಲ್ಲ ಮಾವ. ಟ್ರ್ಯಾಕ್ಟರಿನಂಥದ್ದೊಂದು ಬಂದು ಹಿಂದಕ್ಕೆ ದಬ್ಬತದೆ.”

ದೊಡ್ಡ ಮಾವನ ಮುಖ ಅರಳಿತು. ಗಂಡನ ಕಡೆ ತಿರುಗಿ ಅಂದರು, “ಹಂಗೆ ಹೇಳು ಮತ್ತೆ! ಆ ಟ್ರ್ಯಾಕ್ಟರ್ ಓಡ್ಸಾನು ಗಂಡಸೇ ಅಲ್ಲೇನು?”

ಉದ್ದಿನ ಹಿಟ್ಟು

ಗುಡ್ಡದ ನೆತ್ತಿಯ ಮೇಲಿರುವ ಒಂದು ರನ್‌ವೇಗೆ ಮಳೆಗಾಳಿಯಲ್ಲಿ ಇಳಿಸುವುದನ್ನು ವಾರದಿಂದ ಅಭ್ಯಾಸ ಮಾಡುತ್ತಿದ್ದೆ. ಕೆಲಸದಲ್ಲಿದ್ದಾಗ ನಾನೇ ಇಳಿಸಿದ್ದ ಜಾಗ. ಈಗ ಕೈ ಮರೆತಿದೆಯೋ ಎಂಬ ಹೆದರಿಕೆ. ಅವತ್ತು ಊರಲ್ಲಿ ಕರೆಂಟಿರಲಿಲ್ಲ, ಯುಪಿಎಸ್ ಮೇಲೆ ನಡೆಯುತ್ತಿತ್ತು. ಎಲ್ಲ ಸರಿಯಾಗಿ ಕೂಡಿಬಂತು. ರನ್‌ವೇ ಕಂಡಿತು, ಗಾಳಿ ಹತೋಟಿಗೆ ಬಂತು, ಚಕ್ರ ಇನ್ನೇನು ನೆಲ ಮುಟ್ಟಬೇಕು. ಕೆಳಗಡೆಯಿಂದ ಗುರ್ ಅಂತ ಒಂದು ಸದ್ದು. ಮೂರೂ ಪರದೆ ಕಪ್ಪಾದವು.

ದಡದಡ ಕೆಳಗಿಳಿದೆ. ಅಡುಗೆಮನೆಯಲ್ಲಿ ಅತ್ತೆ ನಿಂತುಹೋದ ಗ್ರೈಂಡರನ್ನು ದಿಟ್ಟಿಸುತ್ತಿದ್ದರು.

“ಅತ್ತೇ! ಕರೆಂಟಿಲ್ಲದಾಗ ಗ್ರೈಂಡರ್ ಹಾಕ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ? ನೋಡಿ, ವಿಮಾನ ಬಿತ್ತು!”

“ವಿಮಾನದಾಗೆ ಜನ ಇದ್ರಾ?”

“ಇರಲಿಲ್ಲ.”

“ನಾಳೆ ಇಡ್ಲಿ ತಿನ್ನಾಕೆ ಜನ ಅದಾರೆ. ಉದ್ದು ಅರ್ಧಕ್ಕೆ ನಿಂತೈತೆ. ಹೋಗವ್ವಾ, ಮೊದ್ಲು ನಿನ್ನದು ಆರ್ಸಿ ಬಾ.”

ಮಾತಾಡಿ ಪ್ರಯೋಜನವಿಲ್ಲ ಅಂತ ಎಲೆಕ್ಟ್ರಿಷಿಯನ್ನನ್ನು ಕರೆಸಿ ಮಾಳಿಗೆಗೆಂದೇ ಬೇರೆ ಯುಪಿಎಸ್, ದೊಡ್ಡ ಬ್ಯಾಟರಿ, ಹೊಸ ಲೈನು ಹಾಕಿಸಿದೆ. ಇನ್ನು ಯಾರೂ ನನ್ನ ಆಕಾಶಕ್ಕೆ ಕೈ ಹಾಕುವಂತಿಲ್ಲ ಅಂತ ಬೀಗಿದೆ. ಮುಂದಿನ ವಾರ ಮತ್ತೆ ಕರೆಂಟು ಹೋಯಿತು. ಮೇಲೆ ಹೋಗಿ ಬಾಗಿಲು ತೆಗೆದೆ. ಪೈಲಟ್ ಸೀಟಿನ ಪಕ್ಕದಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಅತ್ತೆ ನೆಲದ ಮೇಲೆ ಕೂತು ಅಂಚಿನ ಹಿಟ್ಟನ್ನು ಬಳಿಯುತ್ತಿದ್ದರು.

“ಬಾರವ್ವಾ, ಒಳ್ಳೇ ಲೈನ್ ಹಾಕ್ಸಿದೀಯ. ನಿಲ್ಲದೇ ತಿರುಗತೈತೆ.”

ಚಾನಲ್ಲಿಗೆ ನೀರು

ತ್ಯಾವಣಿಗೆಯ ರೈತರೊಬ್ಬರು ಎಮ್ಮೆಯ ಔಷಧಿಗೆ ಬಂದಿದ್ದರು. ಗಂಡ ಮನೆಯಲ್ಲಿರಲಿಲ್ಲ. ಕಾಯುತ್ತಾ ಕೂತವರು ಮೇಲಿನ ಎಂಜಿನ್ ಸದ್ದು ಕೇಳಿ ಹತ್ತಿ ಬಂದರು. ನಾನು ಅವರ ಊರಿನ ಮೇಲೆಯೇ ಹಾರುತ್ತಿದ್ದೆ. ಕೆಳಗೆ ಗದ್ದೆ, ತೋಟ, ನೀರಾವರಿ ಚಾನಲ್ಲು.

“ಮೇಡಮ್ಮಾರೆ, ಅದು ನಮ್ಮೂರಲ್ಲೇನ್ರಿ?”

“ಹೌದು.”

“ಹಂಗಾರೆ ಸ್ವಲ್ಪ ಕೆಳಗೆ ಇಳ್ಸಿ ನೋಡ್ರಿ, ಚಾನಲ್ಲಿಗೆ ನೀರು ಬಿಟ್ಟಾರಾ? ಇವತ್ತು ಬಿಡ್ತೀವಿ ನಾಳೆ ಬಿಡ್ತೀವಿ ಅಂತ ಇಂಜಿನಿಯರು ಆಟ ಆಡ್ಸಾಕತ್ಯಾನೆ.”

ಇದು ಈಗಿನದಲ್ಲ, ಯಾವತ್ತೋ ಮೇಲಿನಿಂದ ತೆಗೆದ ಫೋಟೋ ಜೋಡಿಸಿ ಮಾಡಿದ್ದು ಅಂತ ಹೇಳಿದೆ. ಅವರು ಕೇಳಲಿಲ್ಲ. ಮತ್ತೆ ಹೇಳಿದೆ. ಆಮೇಲೆ ಕೂಗಿಯೇ ಹೇಳಿದೆ, “ಹಳೇ ಫೋಟೋ ಅಂದ್ನಲ್ಲ! ನೀರು ಕಾಣ್ತದೆ, ಆದ್ರೆ ಹಳೇದು!”

“ನೀರು ಕಾಣತೈತಾ?” ಅವರು ಪರದೆಯ ಹತ್ತಿರ ಬಂದರು. ಮೊಬೈಲು ತೆಗೆದು ಪರದೆಯ ಫೋಟೋ ಹೊಡೆದುಕೊಂಡರು. “ಸಾಕು ಬಿಡ್ರಿ. ಇದನ್ನೇ ಅವನ ಮುಖಕ್ಕೆ ಹಿಡೀತೀನಿ. ವಿಮಾನದಾಗೆ ಬರಾ ನೀರು ಗದ್ದೆಗೆ ಯಾಕೆ ಬರಲ್ಲ ಅಂತ ಕೇಳ್ತೀನಿ.”

ಎಮ್ಮೆಯ ಔಷಧಿ ಮರೆತು ಹೋದರು.

ಪುಸ್ತಕದ ಪ್ರಕಾರ

ಇಂಟರ್‌ನೆಟ್ಟಿನಲ್ಲಿ ನಮ್ಮಂಥ ಹುಚ್ಚರದೇ ಒಂದು ಗುಂಪಿದೆ. ಅವರವರ ಮನೆಯಲ್ಲಿ ಕೂತು ಒಂದೇ ಆಕಾಶದಲ್ಲಿ ಹಾರುತ್ತೇವೆ, ಹೆಡ್‌ಫೋನಿನಲ್ಲಿ ಮಾತಾಡಿಕೊಳ್ಳುತ್ತೇವೆ. ಜಗಳೂರಿನ ಮೇಷ್ಟ್ರೊಬ್ಬರು ಈ ಗುಂಪಿಗೆ ಸೇರಿದರು. ವಿಮಾನದ ಬಗ್ಗೆ ಅವರು ಓದದ ಪುಸ್ತಕವಿಲ್ಲ, ನೋಡದ ವಿಡಿಯೋ ಇಲ್ಲ. ನಿಜವಾದ ವಿಮಾನವನ್ನು ಮಾತ್ರ ಹತ್ತಿರದಿಂದ ನೋಡಿರಲಿಲ್ಲ.

ನಾನು ಅಡ್ಡಗಾಳಿಯಲ್ಲಿ ಇಳಿಸುತ್ತಿದ್ದರೆ ಕಿವಿಯಲ್ಲಿ ಅವರ ಧ್ವನಿ. “ಮೇಡಂ, ಮೂತಿ ಅಷ್ಟು ಓರೆ ಹಿಡೀಬಾರ್ದು. ಪುಸ್ತಕದಾಗೆ ಹಂಗಿಲ್ಲ.”

“ನಿಜವಾದ ವಿಮಾನನ ನಾನು ಹೀಗೇ ಇಳಿಸ್ತಿದ್ದೆ ಮೇಷ್ಟ್ರೇ.”

“ನಿಜವಾದ್ದಿರಬೋದು ಮೇಡಂ. ಸರಿಯಾದ್ದಲ್ಲ.”

ಹಲ್ಲು ಕಚ್ಚಿಕೊಂಡೆ. ಅವರು ಬಿಡಲಿಲ್ಲ. “ಗಾಳಿಗೆ ವಿಮಾನ ಕುಲುಕಾಡಿದ್ರೆ ಗಟ್ಟಿ ಹಿಡ್ಕಂಡು ಕೂರಬಾರ್ದು ಮೇಡಂ. ದೇಹನ ಸೀಟಿಗೆ ಬಿಟ್ಟುಬಿಡ್ಬೇಕು. ತಲೆಸುತ್ತು ಅನ್ನೋದೆಲ್ಲ ಮನಸ್ಸಿಂದು. ನಿಮ್ಮ ಲೈಸೆನ್ಸ್ ಹೋಗಿದ್ದೂ ಅಲ್ಲೇ ಎಡವಿ ಇರಬೇಕು, ನೋಡ್ರಿ.”

ಹೆಡ್‌ಫೋನು ಕಿತ್ತು ಗೋಡೆಗೆ ಎಸೆದೆ. ಅವತ್ತು ಊಟ ಸೇರಲಿಲ್ಲ. ಆ ಕಿವಿಗಾಗಿ ನಾನು ಎಷ್ಟು ಆಸ್ಪತ್ರೆ ತಿರುಗಿದ್ದೆ, ಡಾಕ್ಟರ ಕಾಲು ಹಿಡಿಯುವುದೊಂದೇ ಬಾಕಿ ಇತ್ತು ಅಂತ ಈ ಮನುಷ್ಯನಿಗೇನು ಗೊತ್ತು? ಮಾರನೇ ದಿನ ಒಡೆದ ಹೆಡ್‌ಫೋನಿಗೆ ಟೇಪು ಸುತ್ತಿ, ಜೇನಿನಂಥ ದನಿಯಲ್ಲಿ ಕರೆದೆ. “ಮೇಷ್ಟ್ರೇ, ಭಾನುವಾರ ಹೊನ್ನಾಳಿಗೆ ಬನ್ನಿ. ಎದುರಿಗೇ ಕೂತು ಕಲಿಸಿಕೊಡಿ.” ಎದುರಿಗೆ ಸಿಕ್ಕಿದರೆ ಏನೇನು ಬೈಯಬೇಕು ಅಂತ ಪೂರ್ತಿ ವಾರ ಮಸೆದಿಟ್ಟುಕೊಂಡೆ.

ಭಾನುವಾರ ನಾನೇ ಬಸ್‌ಸ್ಟ್ಯಾಂಡಿಗೆ ಹೋದೆ. ದಾವಣಗೆರೆಯ ಬಸ್ಸು ಬಂತು. ಎಲ್ಲ ಇಳಿದ ಮೇಲೆ ಕಂಡಕ್ಟರ ತೋಳು ಹಿಡಿದುಕೊಂಡು ಒಬ್ಬರು ಇಳಿದರು. ಮೂಗಿಗೆ ನಿಂಬೆಹಣ್ಣು, ಮುಖ ಬೂದಿ, ಅಂಗಿ ಒದ್ದೆ. ಕಲ್ಲುಬೆಂಚಿನ ಮೇಲೆ ಕುಸಿದು ಕೂತು “ಪೈಲಟ್ ಮೇಡಮ್ಮೇನ್ರಿ?” ಅಂದರು.

ಮಸೆದಿಟ್ಟ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಹೊರಗೆ ಬರದ ಸಿಟ್ಟು ಇನ್ನೂ ಕೆಟ್ಟದ್ದು. ಸೋಡಾ ತಂದುಕೊಟ್ಟು, ತಡೆಯಲಾರದೆ ಕೇಳಿದೆ. “ಏನಾಯ್ತು ಮೇಷ್ಟ್ರೇ? ದೇಹನ ಸೀಟಿಗೆ ಬಿಟ್ಟುಬಿಡ್ಲಿಲ್ವಾ?”

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹೇಳಿದರು, “ನಾನು ಬಿಟ್ಟೆ ಮೇಡಂ. ಅದು ಸೀಟಿನ ಮೇಲೆ ಎಲ್ಲಾನೂ ಬಿಟ್ಟುಬಿಡ್ತು.”

ಶ್ರದ್ಧಾಂಜಲಿ

ಚನ್ನಗಿರಿಯ ಒಂದು ಕಾಲೇಜಿನವರು ನನ್ನನ್ನು ಕರೆದರು. ಹೆಣ್ಣುಮಕ್ಕಳಿಗೆ ವಿಮಾನ ಹಾರಿಸುವುದು ಹೇಗೆ ಅಂತ ತೋರಿಸಬೇಕು, ನಿಮ್ಮ ಯಂತ್ರವನ್ನೂ ತನ್ನಿ ಅಂದರು. ನನಗೆ ಬಹಳ ದಿನದ ಮೇಲೆ ಸಂತೋಷವಾಯಿತು. ಗಂಡನ ಜೀಪಿನಲ್ಲಿ ಎಲ್ಲ ತುಂಬಿಕೊಂಡು ಹೋಗಿ ಸಭಾಂಗಣದ ವೇದಿಕೆಯಲ್ಲಿ ಜೋಡಿಸಿದೆ. ಗೋಡೆಯಷ್ಟು ದೊಡ್ಡ ಪರದೆಗೆ ಪ್ರೊಜೆಕ್ಟರು ಹಾಕಿದರು. ಉಬ್ರಾಣಿ ಕಡೆಯ ಒಬ್ಬಳು ಹುಡುಗಿ ಯಾವ ಗುಂಡಿ ಯಾತಕ್ಕೆ ಅಂತ ಕೇಳುತ್ತಾ ಬೆಳಗ್ಗೆಯಿಂದ ನನ್ನ ಹಿಂದೆಯೇ ಇದ್ದಳು.

“ಮೇಡಂ, ಫಸ್ಟ್ ನಾನು ಕೂರ್ಲಾ? ಸಂಜೆ ಬಸ್ಸು ತಪ್ಪಿದ್ರೆ ಊರಿಗೆ ಹೋಗಾಕೆ ಆಗಲ್ಲ. ನಾನೂ ಪೈಲಟ್ ಆಗ್ಬೇಕು ಅಂತಿದೀನಿ. ಮನೆಯಾಗೆ ನಗ್ತಾರೆ.”

“ನೀನೇ ಮೊದಲು” ಅಂತ ಮಾತು ಕೊಟ್ಟೆ.

ಕಾರ್ಯಕ್ರಮ ಉದ್ಘಾಟಿಸಲು ಬರಬೇಕಾಗಿದ್ದ ಮುಖಂಡರು ತಡವಾಗಿ ಬಂದರು. ದೀಪ ಹಚ್ಚಿದರು. ಮಹಿಳೆ ಆಕಾಶಕ್ಕೇರಬೇಕು ಅಂತ ಉದ್ದಕ್ಕೆ ಭಾಷಣ ಮಾಡಿದರು. ಆ ಭಾಷಣದಲ್ಲೇ ಮಧ್ಯಾಹ್ನ ಕಳೆಯಿತು. ಕೊನೆಗೆ ಹುಡುಗಿ ಓಡಿಬಂದು ಸೀಟಿನ ಹತ್ತಿರ ನಿಂತಳು. ಪ್ರಿನ್ಸಿಪಾಲರು ಮೈಕಿನಲ್ಲಿ ಕೂಗಿದರು, “ಈಗ ಮಾನ್ಯ ಮುಖಂಡರು ವಿಮಾನಕ್ಕೆ ಚಾಲನೆ ನೀಡುತ್ತಾರೆ!”

ಚಾಲನೆ ಅಂದರೆ ಗುಂಡಿ ಒತ್ತಿ ಎದ್ದುಹೋಗುತ್ತಾರೆ ಅಂದುಕೊಂಡೆ. ಅವರು ಹಾರ ಹಾಕಿಕೊಂಡೇ ಸೀಟಿನಲ್ಲಿ ಕೂತು ಬಿಟ್ಟರು.

“ಸಾರ್, ಮಕ್ಕಳು ಕಾಯ್ತಿದಾರೆ” ಅಂದೆ.

“ಒಂದೇ ರೌಂಡು ಮೇಡಂ. ಶಿವಮೊಗ್ಗದಾಗೆ ಎತ್ತಿ ಸೂಳೆಕೆರೆ ಮೇಲೆ ಒಂದು ಸುತ್ತು ಹೊಡ್ಸಿ ಬಿಡ್ರಿ, ಮಕ್ಳು ಖುಷಿ ಪಡ್ತಾವೆ.”

ಹಲ್ಲು ಕಡಿಯುತ್ತಾ ಪಕ್ಕದಲ್ಲಿ ನಿಂತು ನಾನೇ ಎತ್ತಿಕೊಟ್ಟೆ. ಮೇಲೆ ಹೋದಮೇಲೆ ಅವರು ನನ್ನ ಕೈ ತಳ್ಳಿದರು. “ಬಿಡ್ರಿ, ಬಿಡ್ರಿ, ಬಂತು.” ಕೆರೆ ಕಂಡಿತು. ಜನ ಚಪ್ಪಾಳೆ ತಟ್ಟಿದರು. ಮುಖಂಡರು ಒಂದು ಕೈ ಎತ್ತಿ ಸಭೆಗೆ ನಮಸ್ಕಾರ ಮಾಡಿದರು. ವಿಮಾನ ಮೂತಿ ತಗ್ಗಿಸಿತು.

“ಎಳೀರಿ! ಹಿಂದಕ್ಕೆ ಎಳೀರಿ! ಬಿಡಿ ಇಲ್ಲಿ, ನನಗೆ ಕೊಡಿ!” ಅಂತ ಕಿರುಚಿದೆ. ಮಳೆಗಾಳಿಯಲ್ಲೂ ನಾನು ಹಾಗೆ ಕಿರುಚಿದವಳಲ್ಲ. ಅವರು ಸ್ಟೀರಿಂಗನ್ನು ಲಾರಿಯವರ ಥರ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು. ಗೋಡೆಯಷ್ಟು ಅಗಲಕ್ಕೆ ಸೂಳೆಕೆರೆಯ ನೀರು ಎದ್ದುಬಂತು. ಢಬ್ ಅಂತ ಸದ್ದು. ಪರದೆ ಕಪ್ಪಾಯಿತು.

ಸಭೆ ಸ್ತಬ್ಧ. ಎಲ್ಲರ ಕಣ್ಣೂ ಮುಖಂಡರ ಮೇಲೆ. ಅವರು ಬೆವರು ಒರೆಸಿಕೊಂಡು ಎದ್ದರು. ಇಷ್ಟು ಜನ ಸುಮ್ಮನೆ ತನ್ನನ್ನೇ ನೋಡುತ್ತಿದ್ದಾರೆ, ಮುಂದೆ ಮೈಕಿದೆ. ರೂಢಿ ಕೈ ಬಿಡಲಿಲ್ಲ.

“ಬಂಧುಗಳೇ, ಅತ್ಯಂತ ದುಃಖದ ಸಂಗತಿ. ಈ ದುರಂತಕ್ಕೆ ಕಾರಣರಾದ ಅಧಿಕಾರಿಗಳು ಯಾರೇ ಆಗಿರ್ಲಿ, ಬಿಡೋ ಪ್ರಶ್ನೆನೇ ಇಲ್ಲ. ಸಮಗ್ರ ತನಿಖೆ ಆಗ್ಬೇಕು. ಈಗ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಾಣ.”

ಯಾರಾದರೂ ನಗುತ್ತಾರೆ ಅಂದುಕೊಂಡೆ. ಪ್ರಿನ್ಸಿಪಾಲರು ಎದ್ದರು. ಅಧ್ಯಾಪಕರು ಎದ್ದರು. ಇಡೀ ಸಭಾಂಗಣ ಎದ್ದು ತಲೆ ತಗ್ಗಿಸಿ ಕಣ್ಣು ಮುಚ್ಚಿತು. ವಿಮಾನ ಕೆಡವಿದ ಮನುಷ್ಯನ ಪಕ್ಕದಲ್ಲಿ ನಾನೂ ನಿಂತೆ. ಸಿಟ್ಟಿಗೆ ಮೈ ಗಡಗಡ ನಡುಗುತ್ತಿತ್ತು. ನೋಡಿದವರು ನಾನು ಅಳುತ್ತಿದ್ದೇನೆ ಅಂದುಕೊಂಡಿರಬೇಕು. ಅಷ್ಟರಲ್ಲಿ ಮುಖಂಡರು ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ವಾಲಿ ಪಿಸುಗುಟ್ಟಿದರು.

“ಮೇಡಂ, ಇದು ಮುಗಿದ ಕೂಡ್ಲೇ ಇನ್ನೊಂದು ರೌಂಡ್ ಕೊಡ್ರಿ. ಈ ಸಲ ಡ್ಯಾಮ್ ಕಡೆ ಹೋಗಾಣ.”

“ಸಾಕು!” ಅಂತ ಚೀರಿದೆ. ಮೌನ ಮುಗಿಯಿತು ಅಂದುಕೊಂಡು ಇಡೀ ಸಭೆ ಧಡಾರನೆ ಕೂತಿತು. ಮುಖಂಡರೂ ಹಾರ ಸರಿಮಾಡಿಕೊಂಡು ಪೈಲಟ್ ಸೀಟಿನ ಕಡೆ ತಿರುಗಿದರು.

ಸೀಟಿನಲ್ಲಿ ಆ ಹುಡುಗಿ ಕೂತಿದ್ದಳು. ಎರಡೂ ಕೈ ಸ್ಟೀರಿಂಗಿನ ಮೇಲೆ. ದೊಡ್ಡ ಪರದೆಯಲ್ಲಿ ವಿಮಾನ ಶಿವಮೊಗ್ಗದ ರನ್‌ವೇ ಮೇಲೆ ಆಗಲೇ ಓಡುತ್ತಿತ್ತು.

“ಏನಮ್ಮಾ, ಯಾವಾಗ ಬಂದು ಕೂತೆ?” ಅಂದರು ಮುಖಂಡರು.

ಹುಡುಗಿ ಪರದೆಯಿಂದ ಕಣ್ಣು ಕೀಳಲಿಲ್ಲ.

“ನೀವು ಶ್ರದ್ಧಾಂಜಲಿ ಮುಂದುವರ್ಸಿ ಸಾರ್. ಅಷ್ಟರಾಗೆ ನಾನು ಹೋಗಿ ಬಂದುಬಿಡ್ತೀನಿ.”