ತಾಂಗ್ ಅಜ್ಜಿಯ ಮಳೆಕೋಟು

ಬಾಡಿಗೆಗೆ ಬರುವವರಿಂದ ನನಗೆ ಯಾವತ್ತೂ ತೊಂದರೆಯಾಗಿಲ್ಲ. ಬಿಟ್ಟು ಹೋಗುವವರಿಂದಲೇ ನನ್ನ ಮೊಣಕಾಲು ಸವೆದದ್ದು.

ಕೀಲುಂಗ್ ಬಂದರಿನ ಹಿಂದಿನ ಬೀದಿಯಲ್ಲಿ ನಮ್ಮದೊಂದು ಕಟ್ಟಡವಿದೆ. ಒಂದು ಕಾಲಕ್ಕೆ ಅಲ್ಲಿ ಮೀನಿನ ಬಲೆ ಹೆಣೆಯುತ್ತಿದ್ದರಂತೆ. ಈಗ ಅದನ್ನು ಸಣ್ಣ ಸಣ್ಣ ಕೋಣೆಗಳಾಗಿ ಸೀಳಿ, ಮನೆಯಲ್ಲಿ ಜಾಗ ಸಾಲದವರಿಗೆ ಸಾಮಾನು ಇಡಲು ಬಾಡಿಗೆಗೆ ಕೊಡುತ್ತೇವೆ. ಬರುವಾಗ ಜನ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಬೀಗ ಜಗ್ಗಿ ನೋಡಿ, ದೇವಸ್ಥಾನದಿಂದ ಹೊರಟವರ ಹಾಗೆ ತಿರುತಿರುಗಿ ನೋಡುತ್ತಾ ಹೋಗುತ್ತಾರೆ. ಕೋಣೆ ಖಾಲಿ ಮಾಡುವ ದಿನ ಮಾತ್ರ ಬೇಕಾದದ್ದನ್ನು ಒಯ್ದು, ಹರಿದ ಪೆಟ್ಟಿಗೆ, ಥರ್ಮಾಕೋಲು, ಕಡ್ಡಿ ಮುರಿದ ಕೊಡೆ ಇತ್ಯಾದಿ ಸಕಲ ಸೌಭಾಗ್ಯಗಳನ್ನು ನನ್ನ ಪಾಲಿಗೆ ಬಿಡುತ್ತಾರೆ. "ಫಾನ್ ಅಣ್ಣ, ಇದೊಂದಿಷ್ಟು ನೋಡ್ಕೊಂಡ್ಬಿಡಿ."

ನೋಡಿಕೊಳ್ಳುವುದೆಂದರೆ ಓಡುವುದು. ನಮ್ಮೂರ ಕಸದ ಗಾಡಿ ಸಂಜೆ ಸಂಗೀತ ನುಡಿಸುತ್ತಾ ಬರುತ್ತದೆ, ಯಾರಿಗೂ ಕಾಯುವುದಿಲ್ಲ. ಮಳೆಯಲ್ಲಿ (ನಮ್ಮಲ್ಲಿ ಮಳೆ ನಿಂತರೆ ಜನ ಹೊರಗೆ ಬಂದು ಆಕಾಶಕ್ಕೆ ಏನಾಯಿತೆಂದು ನೋಡುತ್ತಾರೆ) ಎರಡೂ ಕೈಗೆ ಚೀಲ ನೇತುಹಾಕಿಕೊಂಡು ನಾನು ಅದರ ಹಿಂದೆ ಓಡುವಾಗ, ಬೀದಿಯ ನಾಯಿಗಳೂ ಜೊತೆಗೆ ಓಡುತ್ತಿದ್ದವು.

ಇಂಥ ಒಂದು ಓಟದಲ್ಲಿ ಜಾರಿಬಿದ್ದಾಗ ನನಗೆ ಜ್ಞಾನೋದಯವಾಯಿತು. ಎಸೆಯುವುದೇ ಬೇಡ! ಮೆಟ್ಟಿಲ ಪಕ್ಕದಲ್ಲಿ ಒಂದು ಕಟ್ಟೆ ಮಾಡೋಣ. ಬಿಟ್ಟು ಹೋದದ್ದನ್ನು ಅಲ್ಲಿಡೋಣ, ಬೇಕಾದವರು ಒಯ್ಯಲಿ. ಹಳೆಯ ಪೆಟ್ಟಿಗೆಗಳನ್ನು ಮಡಚಿಟ್ಟು ಹೊಸ ಬಾಡಿಗೆದಾರರಿಗೆ ಕೊಡೋಣ. ಭೂಮಿ ಉಳಿಯುತ್ತದೆ.

ಹೆಂಡತಿ ಯುವೆಚಿನ್ ನನ್ನ ಮಂಡಿಗೆ ಮುಲಾಮು ಸವರುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಇದು ಭೂಮಿ ಮೇಲಿನ ಪ್ರೀತಿ ಅಲ್ಲ ಕಣ್ರೀ, ಮಂಡಿ ಮೇಲಿನ ಪ್ರೀತಿ."

"ನಿನಗೆ ಪರಿಸರದ ಬಗ್ಗೆ ಏನು ಗೊತ್ತು?"

"ಪರಿಸರ ಗೊತ್ತಿಲ್ಲ. ನಿಮ್ಮ ಪರಿ ಸರಿಯಿಲ್ಲ ಅನ್ನೋದು ಗೊತ್ತು. ಮಾಡಿ. ಆದ್ರೆ ಕೊಡೋ ಮುಂಚೆ ಒಂದು ಮಾತು ನನ್ನನ್ನ ಕೇಳಿ."

ಕೇಳಲಿಲ್ಲ. ಯಾಕೆಂದರೆ ಕಟ್ಟೆ ಗೆದ್ದುಬಿಟ್ಟಿತು. ಥರ್ಮಾಕೋಲನ್ನು ಪಿಂಗಾಣಿ ಅಂಗಡಿಯವರು ಒಯ್ದರು. ಹಳೆಯ ಕಂಬಳಿಗಳು ಕುರ್ಚಿ ಮೇಜುಗಳಿಗೆ ಹೊದಿಕೆಯಾದವು. ವಾರ್ಡಿನ ಮುಖ್ಯಸ್ಥೆ ಲೋ ಬಂದು, ಮುಂದಿನ ಸಭೆಯಲ್ಲಿ ನಾನು ನಾಲ್ಕು ಮಾತಾಡಬೇಕೆಂದರು. ಅವತ್ತಿನಿಂದ ನಾನು ಹಲ್ಲುಜ್ಜುವಾಗಲೂ ನಾಲ್ಕು ಮಾತಾಡುತ್ತಿದ್ದೆ.

ಆ ಹುರುಪಿನಲ್ಲಿದ್ದಾಗಲೇ ತಾಂಗ್ ಅಜ್ಜಿ ಕೋಣೆ ಖಾಲಿ ಮಾಡಲು ಬಂದರು.

ಅವರ ಗಂಡ ವೆನ್‌ಬಿನ್ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಮನೆಯಲ್ಲಿದ್ದದ್ದಕ್ಕಿಂತ ನೀರಿನ ಮೇಲಿದ್ದದ್ದೇ ಹೆಚ್ಚು. ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅಜ್ಜಿ ಕೋಣೆಯ ಬಾಗಿಲು ತೆಗೆದವರು ಒಳಗೆ ಕಾಲಿಡಲಿಲ್ಲ.

"ಎಲ್ಲಾ ಎಸೆದ್ಬಿಡಿ."

"ಎಲ್ಲಾನಾ ಅಜ್ಜಿ?"

"ಎಲ್ಲಾ. ಹೇಳದೆ ಕೇಳದೆ ಹೋದೋನ ಸಾಮಾನು ನಾನ್ಯಾಕೆ ಕಾಯ್ಲಿ?"

ಅಷ್ಟು ಹೇಳಿ, ಕೊಡೆ ಬಿಚ್ಚುವುದನ್ನೂ ಮರೆತು ಮಳೆಗಿಳಿದು ಹೋದರು. ಅದನ್ನು ನಾನು ಕಂಡೆ. ಕಂಡರೂ ಏನೂ ಅನ್ನಿಸಲಿಲ್ಲ. ನನ್ನ ತಲೆಯ ತುಂಬ ಭೂಗೋಳವೇ ಇತ್ತು.

ದೊಡ್ಡ ಬಾಣಲೆಗಳನ್ನು, ಬಿದಿರಿನ ಹಬೆ ಬುಟ್ಟಿಗಳನ್ನು, ಹಡಗಿನವರು ತೊಡುವ ದಪ್ಪ ಹಳದಿ ಮಳೆಕೋಟನ್ನು ಕಟ್ಟೆಯ ಮೇಲೆ ಜೋಡಿಸಿದೆ. ಬಂದರಿನ ಸಂತೆಯ ಮೀನಿನ ವ್ಯಾಪಾರಿ ಬಾವ್‌ಶೆಂಗ್ ಮಂಜುಗಡ್ಡೆಗೆಂದು ಥರ್ಮಾಕೋಲು ಪೆಟ್ಟಿಗೆ ಕೇಳಿಕೊಂಡು ಬಂದಿದ್ದ. ಆಳು ಎತ್ತರ, ಅಗಲ. ಕೋಟನ್ನು ನಾನೇ ಅವನ ಹೆಗಲಿಗೆ ಹೊದಿಸಿ, ವಸ್ತುವಿಗೆ ಮರಣವಿಲ್ಲ, ಅದು ಕೈ ಬದಲಿಸುತ್ತದಷ್ಟೆ ಎಂದು ಭಾಷಣ ಬಿಗಿದೆ.

"ಕೋಟು ಕೊಡ್ತೀರೋ, ಪುರಾಣ ಹೇಳ್ತೀರೋ?" ಎಂದ ಬಾವ್‌ಶೆಂಗ್. ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು ಕೋಟು.

ಮರುದಿನ ಬೆಳಿಗ್ಗೆ ನಾವಿನ್ನೂ ಬಾಗಿಲು ತೆಗೆಯುವ ಮೊದಲೇ ತಾಂಗ್ ಅಜ್ಜಿ ಹೊರಗೆ ನಿಂತಿದ್ದರು. ಯುವೆಚಿನ್ ಬಿಸಿ ಸೋಯಾ ಹಾಲು ಕೊಟ್ಟರೆ, ಕುಡಿಯದೆ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡರು.

"ಫಾನ್, ಆ ಹಳದಿ ಕೋಟು ಇತ್ತಲ್ಲ. ಅದೊಂದು ಕೊಡು. ಬೇರೆ ಏನೂ ಬೇಡ."

ನಾನು ಗಂಟಲು ಸರಿಮಾಡಿಕೊಂಡೆ. "ಅಜ್ಜಿ, ಅದು ಒಳ್ಳೆಯ ಕೈ ಸೇರಿದೆ."

"ಯಾವ ಕೈ?"

ಯುವೆಚಿನ್ ನನ್ನ ಕಡೆ ನೋಡಿದ ನೋಟದಲ್ಲಿ ಒಂದು ಮೀನನ್ನು ಎರಡೂ ಬದಿ ಹುರಿಯಬಹುದಿತ್ತು. "ಮರುಬಳಕೆ ಅಲ್ಲ ಇದು, ಮರುಳು ಬಳಕೆ," ಎಂದಳು ಮೆಲ್ಲಗೆ. "ನಡೀರಿ."

ಮೂವರೂ ಸಂತೆಗೆ ಹೊರಟೆವು. ಮಳೆ ಧೋ ಎನ್ನುತ್ತಿತ್ತು. ಅಜ್ಜಿ ದಾರಿಯುದ್ದಕ್ಕೂ ಗಂಡನನ್ನು ಬೈಯುತ್ತಲೇ ಬಂದರು. ಊರಿಗೆ ಬಂದಾಗ ಕೋಟನ್ನು ಒದ್ದೆಯಾಗಿಯೇ ಮಂಚದ ಮೇಲೆ ಎಸೆಯುತ್ತಿದ್ದನಂತೆ. ನಾಲ್ಕು ದಿನ ಮನೆಯಲ್ಲಿದ್ದರೆ ಮೂರು ದಿನ ನಿದ್ದೆ ಮಾಡುತ್ತಿದ್ದನಂತೆ. ಹೊರಡುವ ದಿನ ಮಾತ್ರ ಕೋಟಿನ ಗುಂಡಿಗಳನ್ನು ಅಜ್ಜಿಯೇ ಹಾಕಬೇಕಾಗಿತ್ತಂತೆ. "ಅಡಿಗೆಯೋನಿಗೆ ಅಷ್ಟು ದೊಡ್ಡ ಕೈ ಇದ್ವು, ಒಂದು ಗುಂಡಿ ಹಾಕ್ಕೊಳ್ಳೋಕೆ ಬರ್ತಿರ್ಲಿಲ್ಲ ಅಂದ್ರೆ ನಂಬ್ತೀಯಾ?" ಎಂದರು. ಯುವೆಚಿನ್ ಅವರ ತೋಳು ಹಿಡಿದು ಕೊಚ್ಚೆ ದಾಟಿಸುತ್ತಿದ್ದಳು.

ಸಂತೆಯ ತಿರುವು ದಾಟಿದೊಡನೆ ಕೋಟು ಕಂಡಿತು. ಮೀನಿನ ಬುಟ್ಟಿಗಳ ನಡುವೆ, ನಮಗೆ ಬೆನ್ನು ಮಾಡಿ, ತಲೆಗೆ ಟೊಪ್ಪಿಗೆ ಎಳೆದುಕೊಂಡು, ಸ್ವಲ್ಪ ಬಗ್ಗಿ ನಿಂತಿತ್ತು.

ಅಜ್ಜಿ ಗಕ್ಕನೆ ನಿಂತರು. ಬೈಗುಳ ಅರ್ಧಕ್ಕೇ ನಿಂತುಹೋಯಿತು.

"ವೆನ್‌ಬಿನ್," ಎಂದು ಕರೆದರು.

ಕೂಗಲಿಲ್ಲ. ಪಕ್ಕದ ಕೋಣೆಯಲ್ಲಿದ್ದವರನ್ನು ಊಟಕ್ಕೆ ಕರೆಯುವಷ್ಟೇ ದನಿ. ಆದರೆ ಸುತ್ತಲಿನ ವ್ಯಾಪಾರದ ಗದ್ದಲದಲ್ಲೂ ಬಾವ್‌ಶೆಂಗ್‌ಗೆ ಕೇಳಿಸಿತೋ ಏನೋ, ತಿರುಗಿದ. ಟೊಪ್ಪಿಗೆಯೊಳಗೆ ಅವನ ದುಂಡು ಮುಖ, ಬಾಯಲ್ಲಿ ಕಡ್ಡಿ.

ಅಜ್ಜಿ ಆ ಮುಖವನ್ನು ಬಹಳ ಹೊತ್ತು ನೋಡಿದರು. ನನಗೆ ಬಂದರಿನ ನೀರಿಗೆ ಹಾರಿಬಿಡಬೇಕೆನ್ನಿಸಿತು.

ಯುವೆಚಿನ್ ಹೋಗಿ ವಿಷಯ ಹೇಳಿದಳು. ಬಾವ್‌ಶೆಂಗ್ ಕಡ್ಡಿ ಉಗಿದು, ಕೈಯನ್ನು ಒರೆಸಿಕೊಂಡು ಬಂದ. ಕೋಟು ನೀನೇ ಇಟ್ಟುಕೋ, ನನ್ನ ಗಂಡನಿಗೂ ಸಂತೋಷವಾಗುತ್ತದೆ ಎಂದು ಅಜ್ಜಿ ಹೇಳುತ್ತಾರೆ, ನಾವೆಲ್ಲ ಕಣ್ಣೊರೆಸಿಕೊಳ್ಳುತ್ತೇವೆ ಎಂದು ನಾನು ಆಗಲೇ ಕರವಸ್ತ್ರ ಹುಡುಕುತ್ತಿದ್ದೆ. (ಸಭೆಯ ಭಾಷಣಕ್ಕೂ ಒಂದು ಒಳ್ಳೆಯ ಕೊನೆ ಸಿಗುತ್ತಿತ್ತು.)

"ಬಿಚ್ಚು," ಎಂದರು ಅಜ್ಜಿ.

ಅವನು ಬಿಚ್ಚಿದ. ಒಳಗೆ ಬರೀ ಬನಿಯನ್ನು. ಮಳೆ ಅವನ ಮೇಲೆ ದಬದಬ ಸುರಿಯತೊಡಗಿತು. ಯುವೆಚಿನ್ ನನ್ನ ಕಡೆ ತಿರುಗಿ, "ನೀವೂ ಬಿಚ್ಚಿ," ಎಂದಳು.

"ನಾನ್ಯಾಕೆ?"

"ವಸ್ತುವಿಗೆ ಮರಣ ಇಲ್ಲ ಅಂತ ಇವರಿಗೆ ಹೇಳಿದ್ರಂತಲ್ಲ. ಕೈ ಬದಲಿಸ್ಲಿ."

ನನ್ನ ಹೊಸ ಮಳೆಕೋಟಿನ ತೋಳು ಬಾವ್‌ಶೆಂಗ್‌ನ ಮೊಣಕೈವರೆಗೆ ಬಂದು ನಿಂತಿತು. ಅಜ್ಜಿಗೆ ಹಳದಿ ಕೋಟು ಕಾಲಬೆರಳವರೆಗೂ ಇಳಿದಿತ್ತು. ಮೀನಿನ ವಾಸನೆಯ ಆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ತಾವೇ ಹಾಕಿಕೊಂಡು, ಕೆಸರಿನಲ್ಲಿ ಎಳೆಯುತ್ತಾ ನಡೆದರು. ತಿರುವಿನಲ್ಲಿ ನಿಂತು ನನ್ನನ್ನು ಕರೆದರು.

"ಎಸೀರಿ ಅಂದಿದ್ದು ನಾನೇ, ನಿಜ. ತಪ್ಪು ನನ್ನದೇ. ಆದ್ರೆ ಫಾನ್, ಒಂದೇ ಒಂದು ಮಾತು, 'ನಾಳೆ ನೋಡೋಣ ಅಜ್ಜಿ' ಅನ್ನಬಾರದಾಗಿತ್ತಾ?"

ನಾನು ಮಳೆಯಲ್ಲಿ ತೊಯ್ಯುತ್ತಾ ನಿಂತಿದ್ದೆ.

ಆ ಮಳೆಗೆ ನಾನು ಜ್ವರ ಬಂದು ಮಲಗಿದ್ದಾಗ ಅಜ್ಜಿ ಗಂಜಿ ತಂದುಕೊಟ್ಟರು. ಕೆಳಗೆ ಹೋಗಿ ಕಟ್ಟೆಯ ಮೇಲಿದ್ದದ್ದನ್ನೆಲ್ಲ ಇಳಿಸಿಯೂ ಬಿಟ್ಟರು. ಇನ್ನು ಮೇಲೆ ಯಾರು ಏನು ಬಿಟ್ಟು ಹೋದರೂ ಒಂದು ತಿಂಗಳು ಒಳಗಿಡಬೇಕು, ಆಮೇಲೆ ಬಿಟ್ಟವರನ್ನು ಇನ್ನೊಂದು ಸಲ ಕೇಳಬೇಕು, ಬೇಡವೇ ಬೇಡ ಎಂದರೆ ಮಾತ್ರ ಕಟ್ಟೆಗೆ. ಇದು ಅಜ್ಜಿಯ ಕಾನೂನು. ಯುವೆಚಿನ್ ಮರುಮಾತಿಲ್ಲದೆ ಒಪ್ಪಿಕೊಂಡಳು. ಕಾಯುವ ಸಾಮಾನಿಗೆ ಕೋಣೆ ಬೇಕಲ್ಲ? ಬಾಡಿಗೆಯ ಕೋಣೆಗಳೆಲ್ಲ ತುಂಬಿದ್ದವು. ನನ್ನ ಕಚೇರಿ ಹೋಯಿತು.

ಬಿಟ್ಟು ಹೋದವರಲ್ಲಿ ಎಷ್ಟೋ ಜನ ನಿಜವಾಗಿಯೂ ತಿರುಗಿ ಬಂದರು. ಒಬ್ಬರು ಮಗುವಿನ ತೊಟ್ಟಿಲಿಗೆ, ಒಬ್ಬರು ಜಗಳವಾಡಿದ ತಮ್ಮನ ಪಿಟೀಲಿಗೆ. ಈಗ ದಿನಾ ಬಂದು ಆ ಕೋಣೆ ಕಾಯುವ ಅಜ್ಜಿ, ಯಾಕೆ ಬಂದಿರಿ ಎಂದು ಯಾರನ್ನೂ ಕೇಳುವುದಿಲ್ಲ. ಸಾಮಾನಿನ ಧೂಳು ಒರೆಸಿ ಕೊಡುತ್ತಾರೆ.

ವಾರ್ಡಿನ ಸಭೆಯಲ್ಲಿ ಮಾತಾಡಿದ್ದೂ ಅಜ್ಜಿಯೇ. ಜ್ವರ ಬಿಟ್ಟರೂ ನನ್ನ ಗಂಟಲು ಕಟ್ಟಿಯೇ ಇತ್ತು.

ಸಭೆ ಮುಗಿಸಿ ಮುಖ್ಯಸ್ಥೆ ಲೋ ಆ ಕೋಣೆ ನೋಡಲು ಬಂದಾಗ, ಕೂರಲು ಬೇರೆ ಜಾಗವಿಲ್ಲದ ನಾನು ಬಿದಿರಿನ ಬುಟ್ಟಿಗಳಿಗೂ ಒಂದು ಹಳೆಯ ಫ್ಯಾನಿಗೂ ನಡುವೆ ಯಾರೋ ಬಿಟ್ಟ ಕುರ್ಚಿಯಲ್ಲಿ ಕಂಬಳಿ ಹೊದ್ದು ತೂಕಡಿಸುತ್ತಿದ್ದೆ. ಅರ್ಧ ಎಚ್ಚರದಲ್ಲಿ ಮಾತು ಕಿವಿಗೆ ಬಿತ್ತು.

"ಇದು ಯಾರು ಬಿಟ್ಟು ಹೋಗಿದ್ದು?" ಎಂದರು ಲೋ.

"ನಂದೇ," ಎಂದಳು ಯುವೆಚಿನ್. "ಹೊರಗೆ ಕಟ್ಟೆ ಮೇಲೆ ಇಡೋಣ ಅಂತಿದೀನಿ. ಯಾರಾದ್ರೂ ಒಯ್ದರೆ ಒಯ್ಲಿ."

ನಾನು ಕಣ್ಣು ಬಿಡಲಿಲ್ಲ. ಈಗ ಎಲ್ಲರೂ ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ತಾಂಗ್ ಅಜ್ಜಿ ಹತ್ತಿರ ಬಂದು ಜಾರಿದ್ದ ಕಂಬಳಿಯನ್ನು ನನ್ನ ಕುತ್ತಿಗೆಯವರೆಗೆ ಎಳೆದರು.

"ಇರ್ಲಿ ಬಿಡೇ," ಎಂದರು. "ಇನ್ನೊಂದು ತಿಂಗಳು ನೋಡು."