ಅಮೆರಿಕದ ಬೀಗಿತ್ತಿ ಹಸುವಿಗೆ, ದ್ಯಾವಮ್ಮನ ಕೊಟ್ಟಿಗೆಯಿಂದ

ಮಾನ್ಯರೇ, ಅಮೆರಿಕ ಸಂಸ್ಥಾನದ ಮಹಾಗೋಮಾತೆಯವರೇ,

ಕೃಷ್ಣರಾಜಪೇಟೆ ತಾಲ್ಲೂಕು ಅಕ್ಕಿಹೆಬ್ಬಾಳಿನಿಂದ ಮುದ್ದಯ್ಯ ಮಾಡುವ ಶರಣುಗಳು. ಹೇಮಾವತಿ ತಾಯಿಯ ದಯೆಯಿಂದ ನಾವಿಲ್ಲಿ ಕ್ಷೇಮ. ತಮ್ಮ ಕೆಚ್ಚಲು, ಕೊಂಬು, ಗೊರಸುಗಳ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕೆಂದು ಕೋರಿಕೆ.

ಗುರುತಿಲ್ಲದವನು ಹೀಗೆ ಸಲಿಗೆಯಿಂದ ಬರೆಯುವುದೇ ಎಂದು ತಾವು ಮುನಿಯಬಾರದು, ನಾವು ನೆಂಟರು. ನಮ್ಮ ಮನೆಯ ಸೀಮೆಹಸು ಚುಕ್ಕಿಯ ತಂದೆ ತಮ್ಮ ದೇಶದ ಹೋರಿಯಾದ್ದರಿಂದ ತಾವು ಅವಳಿಗೆ ಸೋದರತ್ತೆ, ನಮಗೆ ಬೀಗಿತ್ತಿ. ಆ ಮಹಾನುಭಾವನ ಮುಖವನ್ನು ನಾವ್ಯಾರೂ ನೋಡಲಿಲ್ಲ. ದನದ ಡಾಕ್ಟರು ಹೊಗೆಯಾಡುವ ಕ್ಯಾನಿನಿಂದ ತೆಗೆದ ಒಂದು ಇಂಜೆಕ್ಷನ್ ಕಡ್ಡಿಯಲ್ಲಿ ಬಂದು, ವೀಳ್ಯವನ್ನೂ ತೆಗೆದುಕೊಳ್ಳದೆ ಹೊರಟುಹೋದ. ಆಮೇಲೆ ಒಂದು ಕಾಗದವಿಲ್ಲ, ಬಾಣಂತನಕ್ಕೊಂದು ಬೆಲ್ಲದಚ್ಚಿಲ್ಲ. ಆದರೂ ನಾವು ಪಂಚಾಯಿತಿ ಸೇರಿಸಲಿಲ್ಲ. ದೊಡ್ಡ ದೇಶದವರು, ನಾನಾ ಕಡೆ ಕೆಲಸವಿರುತ್ತದೆ ಎಂದುಕೊಂಡೆವು.

ಈಗಿನ ಸಂಕಟವೇ ಬೇರೆ. ತಮ್ಮ ಯಜಮಾನರು ನಮ್ಮ ಮಾಲಿಗೆಲ್ಲ ಸುಂಕ ಏರಿಸಿ, ಇಳಿಸಬೇಕಾದರೆ ತಮ್ಮ ಹಾಲಿಗೆ ಬಾಗಿಲು ತೆಗೆಯಿರಿ ಎನ್ನುತ್ತಿದ್ದಾರಂತೆ. ಮೊದಲು ಬೆನ್ನಿಗೊಂದು ಗುದ್ದಿ ಆಮೇಲೆ ನೋವಿನೆಣ್ಣೆ ಮಾರುವ ಈ ವ್ಯವಹಾರಕ್ಕೆ ಸ್ನೇಹವೆಂದು ಹೆಸರಿರುವುದನ್ನು ಪೇಪರಿನಲ್ಲಿ ಓದಿ ಧನ್ಯನಾದೆ. ಯಜಮಾನರಿಗೇ ಬರೆಯೋಣವೆಂದರೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಯಾರು ಉದ್ಧಾರವಾಗಿದ್ದಾರೆ? ಅದಕ್ಕೇ ತಮಗೆ.

ನಮ್ಮೂರ ಡೈರಿಯ ಸೆಕ್ರೆಟರಿ ಚಲುವರಾಜು ಮೊನ್ನೆ ಹಾಲು ಅಳೆಯುತ್ತ, "ಅಮೆರಿಕಾ ಹಾಲ್ಪುಡಿ ಬಂದ್ಬುಟ್ರೆ ನಿಮ್ ಹಾಲ್ನ ಮೂಸೋರೂ ಇರಾಕಿಲ್ಲ ಕಣಣ್ಣೋ" ಎಂದ. ಅಷ್ಟೇ ಸಾಕಾಯಿತು, ನನ್ನ ಮಗ ದೇವರಾಜು, ರೇಟು ಬೀಳುವ ಮೊದಲೇ ಚುಕ್ಕಿಯನ್ನು ಮಾರಿಬಿಡೋಣವೆಂದು ಮಂಗಳವಾರಕ್ಕೆ ದಲ್ಲಾಳಿಯನ್ನು ಕರೆದುಬಿಟ್ಟ. ಹಾಲಿನ ದುಡ್ಡು ಬೀಳುವುದು ನನ್ನ ಹೆಂಡತಿ ದ್ಯಾವಮ್ಮನ ಹೆಸರಿಗೆ. ಹೆಂಗಸರಿಗೆ ಬಸ್ಸು ಫ್ರೀ ಇದ್ದರೂ ಬರಿಗೈಯಲ್ಲಿ ಮಗಳ ಮನೆಗೆ ಹೋಗಲಾಗುವುದಿಲ್ಲವಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ ಅವಳು ಯಾರನ್ನೂ ಕೇಳದೆ ಕೈತುಂಬ ಒಯ್ಯುವಂತಾದದ್ದು ತಮ್ಮ ಸೋದರ ಸೊಸೆಯಿಂದ. ಹಸು ಹೋದರೆ ಅವಳು ಮತ್ತೆ ನನ್ನ ಮುಂದೆ ಕೈಚಾಚಬೇಕು, ನಾನು ಮಗನ ಮುಂದೆ.

ತಮ್ಮಲ್ಲಿ ಸಾವಿರಾರು ಹಸುಗಳಿಗೆ ಒಬ್ಬನೇ ಒಡೆಯನಂತೆ, ನಷ್ಟವಾದರೆ ಸರ್ಕಾರ ತುಂಬಿಕೊಡುತ್ತದಂತೆ, ಹಾಲು ಕರೆಯುವ ಆಳುಗಳನ್ನು ಮಾತ್ರ ಪರದೇಶದವರೆಂದು ಹಿಡಿದು ಹೊರಗಟ್ಟುತ್ತಾರಂತೆ. ಹಾಲು ಗಡಿ ದಾಟಬೇಕು, ಹಾಲು ಕರೆಯುವವನು ದಾಟಬಾರದು ಎಂಬ ಈ ನ್ಯಾಯ ನನ್ನಂಥ ದಡ್ಡನ ತಲೆಗೆ ಹತ್ತದಿದ್ದರೆ ಅದು ನ್ಯಾಯದ ತಪ್ಪಲ್ಲ.

ತಮ್ಮ ಮೇವಿನಲ್ಲಿ ಮಾಂಸದ ಪುಡಿ ಇರುತ್ತದೆಂದು ನಮ್ಮವರು ತಮ್ಮಿಂದ ಸಸ್ಯಾಹಾರದ ಸರ್ಟಿಫಿಕೇಟು ಕೇಳಿದ್ದಾರಂತೆ. ಬೇಸರ ಬೇಡ. ಭಾನುವಾರ ಬಾಡಿಲ್ಲದೆ ಮುದ್ದೆ ಮುರಿಯದ ನಾನು ತಮ್ಮ ಊಟದ ಬಗ್ಗೆ ಮಾತಾಡುವುದು ತರವಲ್ಲ.

ನನ್ನ ಬಿನ್ನಹವಿಷ್ಟೇ: ಬರಲೇಬೇಕೆಂದಿದ್ದರೆ ಪುಡಿಯಾಗಿ ಬರಬೇಡಿ, ನಾಲ್ಕು ಕಾಲಿನ ಮೇಲೆ ಬನ್ನಿ. ಸ್ಟೇಷನ್ನಿಗೆ ನಾನೇ ಬರುತ್ತೇನೆ, ಚುಕ್ಕಿಯ ಪಕ್ಕದ ಗೂಟ ಖಾಲಿಯಿದೆ. ಎಲ್ಲರಂತೆ ಒಣಹುಲ್ಲು ತಿಂದು, ತಮ್ಮ ಹಾಲನ್ನೂ ಡೈರಿಯ ಸಾಲಿನಲ್ಲಿಟ್ಟು, ಫ್ಯಾಟು ಕಡಿಮೆಯೆಂದು ಚಲುವರಾಜುವಿನಿಂದ ಅನ್ನಿಸಿಕೊಂಡು, ಸರ್ಕಾರದ ಪ್ರೋತ್ಸಾಹಧನಕ್ಕೆ ನಮ್ಮ ಜೊತೆಯಲ್ಲೇ ದಾರಿ ನೋಡುತ್ತ ಪೈಪೋಟಿ ನಡೆಸಿ; ಗೆದ್ದರೆ ಹಾರ ಹಾಕುತ್ತೇವೆ. ಅದಾಗದಿದ್ದರೆ, ಬರುವುದಿಲ್ಲವೆಂದು ಗೊರಸೊತ್ತಿದ ಒಂದು ಮುಚ್ಚಳಿಕೆಯನ್ನಾದರೂ ಮಂಗಳವಾರದೊಳಗೆ ಕಳುಹಿಸಿದರೆ ದೇವರಾಜುವಿಗೆ ತೋರಿಸಿ ಚುಕ್ಕಿಯನ್ನು ಉಳಿಸಿಕೊಳ್ಳುತ್ತೇನೆ.

ತಮ್ಮ ಸೋದರ ಸೊಸೆಗೆ ಹುಲ್ಲು ಹಾಕುತ್ತಿರುವ, ತಮ್ಮ ವಿಶ್ವಾಸಿ,
ಮುದ್ದಯ್ಯ

ಮರೆತ ಮಾತು: ಮುಚ್ಚಳಿಕೆ ಬೇಡ. ಕಾಗದ ಅಂಚೆಗೆ ಹಾಕುವ ಮೊದಲೇ ದ್ಯಾವಮ್ಮ ತಮ್ಮವರ ವಿದ್ಯೆಯನ್ನೇ ಪ್ರಯೋಗಿಸಿ, ಮಾತು ಕೇಳದ ದೇಶಗಳಿಗೆ ಹಾಕುವಂಥ ದಿಗ್ಬಂಧನವನ್ನು ಮಗನಿಗೆ ಹಾಕಿದಳು. "ಹಸ ಮಾರೋನ್ಗೆ ಹಾಲ್ಯಾಕ್ಲಾ? ಓಗು, ಅಮೆರಿಕಾದಿಂದ್ಲೇ ತರ್ಸ್ಕಂಡು ಕುಡ್ಕೋ" ಎಂದು ಅವನ ಕಾಫಿಗೆ ಹಾಲು ನಿಲ್ಲಿಸಿದಳು, ಅನ್ನಕ್ಕೆ ಮಜ್ಜಿಗೆ ನಿಲ್ಲಿಸಿದಳು. ಮೂರನೆಯ ದಿನ ದೇವರಾಜು ತಾನೇ ಫೋನು ಮಾಡಿ ದಲ್ಲಾಳಿಗೆ ಬರಬೇಡವೆಂದ. ತಮ್ಮವರ ದಿಗ್ಬಂಧನಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ: ಇಲ್ಲಿ ಅವನ ಮಕ್ಕಳ ಲೋಟಕ್ಕೆ ಹಾಲು ಎಂದಿನಂತೆ ಬೀಳುತ್ತಿತ್ತು.