ಸೇತುವೆಗೆ ಸಾಕಾಗುವಷ್ಟು ಸಿಟ್ಟು

ಅಲ್ಲಾವ ತನ್ನ ಜನ್ಮದಲ್ಲಿ ಒಂದೇ ಒಂದು ಸಲ ಬುದ್ಧಿ ಓಡಿಸಿದ. ಅಲ್ಲೇ ಕೆಟ್ಟ.

ಯಾವತ್ತಿನ ಹಾಗೆ ಸಿಟ್ಟು ಮಾಡಿಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಸಿಟ್ಟು ಅವನಿಗೆ ಒಗ್ಗಿದ ಪದಾರ್ಥ. ಕಸಂತೀನಾದ ಹಳೇ ಪೇಟೆಯಲ್ಲಿ ತಾಮ್ರ ಬಡಿಯುವವರ ಬೀದಿ ಇದೆಯಲ್ಲ, ಅಲ್ಲಿ ಅವನ ಅಂಗಡಿ. ವಸಂತ ಬಂತೆಂದರೆ ಹೆಂಗಸರು ಕಿತ್ತಳೆ ಹೂವಿನ ನೀರು ಭಟ್ಟಿ ಇಳಿಸಲು ತಾಮ್ರದ ಪಾತ್ರೆ ಬೇಕೆಂದು ಬರುತ್ತಾರೆ. ಬಂದರೆ ಬಂದರೆಂದು ಸಿಟ್ಟು, ಬರದಿದ್ದರೆ ಬರಲಿಲ್ಲವೆಂದು ಸಿಟ್ಟು. ಆದರೆ ಎಲ್ಲಕ್ಕಿಂತ ದೊಡ್ಡ ಸಿಟ್ಟು ಸೇತುವೆಗಳ ಮೇಲೆ.

ಊರು ಕೂತಿರುವುದು ಬಂಡೆಯ ನೆತ್ತಿಯ ಮೇಲೆ. ಸುತ್ತ ಪಾತಾಳದಂಥ ಕಮರಿ. ಎತ್ತ ಹೋಗಬೇಕೆಂದರೂ ಒಂದು ಸೇತುವೆ ಬಾಯಿ ತೆರೆದುಕೊಂಡು ಕಾಯುತ್ತಿರುತ್ತದೆ. "ಇಡೀ ಅಲ್ಜೀರಿಯಾದಲ್ಲಿ ಸಪಾಟು ನೆಲಕ್ಕೆ ಬರ ಬಂದಿತ್ತಾ? ನಮ್ಮ ಹಿರೀಕರಿಗೆ ಮನೆ ಕಟ್ಟೋಕೆ ಈ ಬಂಡೇನೇ ಬೇಕಿತ್ತಾ?" ಎಂದು ಅವನು ದಿನಕ್ಕೊಮ್ಮೆ ಸುತ್ತಿಗೆ ಎತ್ತಿ ಕೇಳುತ್ತಿದ್ದ. ಕೇಳುವುದು ನ್ಯಾಯವೇ ಆಗಿತ್ತು.

ನಿಜ ಸಂಗತಿ ಬೇರೆ. ಅಲ್ಲಾವನಿಗೆ ಸೇತುವೆ ಮೇಲೆ ಕಾರು ಓಡಿಸಲು ಹೆದರಿಕೆ. ನಡೆದು ಹೋಗು ಎಂದರೆ ಕಡಲೆಕಾಯಿ ತಿನ್ನುತ್ತಾ ಹೋಗುತ್ತಾನೆ. ಸ್ಟೀರಿಂಗ್ ಹಿಡಿದರೆ ಮಾತ್ರ, ತನ್ನ ಎರಡು ಕೈಗಳು ತನ್ನನ್ನು ಕೇಳದೆ ಚಕ್ರವನ್ನು ಬಲಕ್ಕೆ ತಿರುಗಿಸಿಬಿಡುತ್ತವೆ, ಕಾರು ಕಟಕಟೆ ಮುರಿದು ಕೆಳಗೆ ಹೋಗುತ್ತದೆ ಎಂದು ಅನ್ನಿಸುತ್ತಿತ್ತು. ಕಾಲಿಗೆ ಭಯವಿಲ್ಲ, ಕೈ ಮೇಲೆ ನಂಬಿಕೆಯಿಲ್ಲ. ಇದನ್ನು ಬೀದಿಯಲ್ಲಿ ಹೇಳಿಕೊಳ್ಳುವುದುಂಟೇ? ಆದ್ದರಿಂದ ಇಪ್ಪತ್ತು ವರ್ಷಗಳಿಂದ ಒಂದೇ ಮಾತು ಸಾರಿಕೊಂಡು ಬಂದಿದ್ದ: "ನಮ್ಮನ್ನ ಆಳಿದ ಫ್ರೆಂಚರು ಕಟ್ಟಿದ ಸೇತುವೆ ಮೇಲೆ ನನ್ನ ಚಕ್ರ ಹಾಯಲ್ಲ!" ಬೀದಿಯವರು ಅವನನ್ನು ದೊಡ್ಡ ದೇಶಭಕ್ತನೆಂದು ನಂಬಿದ್ದರು. ಆಚೆ ದಡದಲ್ಲಿ ಕೆಲಸವಿದ್ದರೆ ಅವನು ಬೆಟ್ಟ ಇಳಿದು, ಕಣಿವೆಯ ತಳದಲ್ಲಿ ಮೋರಿಯಷ್ಟು ಚಿಕ್ಕದೊಂದು ಸೇತುವೆಯನ್ನು ಉಸಿರು ಬಿಗಿಹಿಡಿದು ದಾಟಿ, ಮತ್ತೆ ಬೆಟ್ಟ ಹತ್ತಿ ಬರುತ್ತಿದ್ದ. ಎರಡು ನಿಮಿಷದ ದಾರಿಗೆ ಮುಕ್ಕಾಲು ಗಂಟೆ.

ಹೀಗಿರುವಾಗ ಮನಾಲ್‌ಗೆ ಮದುವೆ ಗೊತ್ತಾಯಿತು. ಮನಾಲ್ ಅಲ್ಲಾವನ ತೀರಿಹೋದ ಅಣ್ಣನ ಒಬ್ಬಳೇ ಮಗಳು. ಸಾಯುವ ಹೊತ್ತಿಗೆ ಅಣ್ಣ ತಮ್ಮನ ಕೈ ಹಿಡಿದು, "ಇವಳನ್ನ ಗಂಡನ ಮನೆ ಬಾಗಿಲಿಗೆ ನೀನೇ ಬಿಡ್ಬೇಕು ಕಣೋ. ಬೇರೆಯವರ ಕೈಗೆ ಕೊಡ್ಬೇಡ" ಎಂದಿದ್ದ. ಅಲ್ಲಾವ ಮಾತು ಕೊಟ್ಟಿದ್ದ. ಆಗ ಅವನಿಗೇನು ಗೊತ್ತು, ಗಂಡಿನ ಮನೆ ಕಮರಿಯ ಆಚೆ ದಡದಲ್ಲಿ ಹುಟ್ಟಿಕೊಳ್ಳುತ್ತದೆಂದು!

ಅಲ್ಲಿಯೇ ಅವನು ಬುದ್ಧಿ ಓಡಿಸಿದ್ದು. ತಿಂಗಳ ಮೊದಲೇ ಗಂಡಿನ ಮನೆಗೆ ಹೋಗಿ, "ದಿಬ್ಬಣದ ಕಾರುಗಳು ಕೆಳಗಿನ ಕಣಿವೆ ದಾರೀಲೇ ಬರ್ಲಿ. ರಸ್ತೆ ಅಗಲ ಇದೆ, ನೆರಳಿದೆ" ಎಂದು ಹಟ ಹಿಡಿದು ಒಪ್ಪಿಸಿದ. ಬಂದ ದಾರಿಯಲ್ಲೇ ಹೋಗುತ್ತಾರಲ್ಲ, ಅಷ್ಟು ಸಾಕು ಅವನಿಗೆ. ಗಂಡಿನ ಅಜ್ಜಿ ಲಲ್ಲಾ ಜುಲೈಖಾ, ತೊಂಬತ್ತರ ಮುದುಕಿ, ಒಂದೇ ಒಂದು ಷರತ್ತು ಹಾಕಿದಳು: "ಹುಡುಗಿ ಯಾವ ಗಾಡಿ ಹತ್ತುತ್ತಾಳೋ ಅದೇ ಗಾಡಿಯಿಂದ ನಮ್ಮ ಬಾಗಿಲಲ್ಲಿ ಇಳೀಬೇಕಪ್ಪಾ. ನಡುದಾರೀಲಿ ಗಾಡಿ ಬದಲಾಯಿಸಿದೋಳು ಗಂಡನ್ನೂ ಬದಲಾಯಿಸ್ತಾಳೆ." ಅದಕ್ಕೇನು, ಆಗಲಿ ಎಂದ. ಮನೆಗೆ ಬರುವಾಗ ದಾರಿಯುದ್ದಕ್ಕೂ ಯಾರನ್ನೂ ಬೈಯಲಿಲ್ಲ, ಅಷ್ಟು ಖುಷಿ.

ಮದುವೆಯ ದಿನ ಹದಿನೆಂಟು ಕಾರುಗಳು ಕಣಿವೆ ದಾರಿಯಿಂದಲೇ ಬಂದವು. ಮುಂದೆ ತೆರೆದ ಗಾಡಿಯಲ್ಲಿ ಓಲಗದವರು, ಕಿವಿ ಹರಿಯುವ ಹಾಗೆ ಹಾರ್ನು. ಮನಾಲ್ ಬಿಳಿ ನಿಲುವಂಗಿ ಹೊದ್ದು, ಪದ್ಧತಿಯಂತೆ ತಂದೆಯ ಜಾಗದಲ್ಲಿ ನಿಂತ ಚಿಕ್ಕಪ್ಪನ ತೋಳಿನ ಕೆಳಗೆ ತಲೆ ಬಗ್ಗಿಸಿ ಹೊಸ್ತಿಲು ದಾಟಿದಳು. ಅಲ್ಲಾವನ ಕಣ್ಣಲ್ಲಿ ನೀರು ಬಂತು. ನೀರು ಬಂದದ್ದಕ್ಕೆ ಸಿಟ್ಟೂ ಬಂತು.

ಅಲ್ಲಾವನದೇ ಕಾರು. ಹಿಂದಿನ ಸೀಟಿನಲ್ಲಿ ಮನಾಲ್, ಪಕ್ಕದಲ್ಲಿ ಅಲ್ಲಾವನ ಹೆಂಡತಿ ಫತೀಹಾ. ಮುಂದಿನ ಸೀಟಿಗೆ ಯಾರೂ ಕರೆಯದೆ ಹಾಜಿ ಬಲ್ಕಾಸಿಮ್ ಬಂದು ಕೂತರು. ಪಕ್ಕದ ಬಟ್ಟೆ ಅಂಗಡಿಯವರು. ಅಲ್ಲಾವ ದಿನಾ ತಮ್ಮ ಅಂಗಡಿ ಮುಂದೆ ಕಾರು ನಿಲ್ಲಿಸುತ್ತಾನೆಂದು ಹದಿನೈದು ವರ್ಷದಿಂದ ಅವರಿಗೂ ಅವನಿಗೂ ಜಗಳ.

"ಹೂಂ, ಎಡಕ್ಕೆ ತಿರುಗ್ಸು, ಹಗ್ಗದ ಸೇತುವೆ ಕಡೆ" ಎಂದರು ಹಾಜಿ.

ಅಲ್ಲಾವ ಗಕ್ಕನೆ ಅವರ ಕಡೆ ತಿರುಗಿದ. "ಯಾಕೆ? ಕೆಳಗಿನ ದಾರೀಲಿ ಹೋಗೋದು ಅಂತ ಮಾತಾಗಿದೆ."

"ಬರೋದಕ್ಕೆ ಮಾತಾಗಿದೆ. ಬಂದ ದಾರೀಲೇ ಮದುವಣಗಿತ್ತೀನ ಕರ್ಕೊಂಡು ಹೋಗ್ತಾರೇನೋ? ಹಾಗೆ ಹೋದೋಳು ಅದೇ ದಾರಿ ಹಿಡ್ಕೊಂಡು ತವರಿಗೆ ವಾಪಸ್ ಬರ್ತಾಳೆ. ಬರೋದೊಂದು ದಾರಿ, ಹೋಗೋದೊಂದು ದಾರಿ. ನಿನ್ನ ಮದುವೇಲಿ ನೀನು ನಿದ್ದೆ ಮಾಡ್ತಿದ್ಯಾ?"

"ಹಾಗಾದ್ರೆ..."

"ಅವರು ಸೇತುವೆ ಮೇಲೆ ಬಂದಿದ್ರೆ ನಾವು ಕೆಳಗಿನ ದಾರೀಲಿ ಹೋಗ್ತಿದ್ವಿ. ಯಾವನೋ ತಲೆ ಕೆಟ್ಟೋನು ಹೋಗಿ ಕೆಳಗಿನ ದಾರೀಲೇ ಬನ್ನಿ ಅಂತ ಕೈಕಾಲು ಹಿಡಿದನಂತೆ. ಏನು ಮಾಡೋದು!"

ಮಾಡಿದ್ದುಣ್ಣೋ ಮಹರಾಯ. ಅಲ್ಲಾವ ಬಾಯಿ ಬಿಡುವ ಹಾಗಿರಲಿಲ್ಲ. ಹಿಂದಿನಿಂದ ಹದಿನೆಂಟು ಹಾರ್ನುಗಳು ತಳ್ಳಿದವು. ಕಾರು ಎಡಕ್ಕೆ ತಿರುಗಿತು.

ಸೇತುವೆಯ ಬಾಯಿಗೆ ಬಂದು ಅದು ನಿಂತಿತು. ಎದುರಿಗೆ ಕಬ್ಬಿಣದ ಹಗ್ಗಗಳಲ್ಲಿ ಜೋತುಬಿದ್ದ ರಸ್ತೆ, ಅದರ ಕೆಳಗೆ ಹದ್ದುಗಳು ಹಾರಾಡುತ್ತಿದ್ದವು. ಹದ್ದು ಮೇಲೆ ಹಾರಬೇಕಾದ್ದು ನ್ಯಾಯ, ರಸ್ತೆಯ ಕೆಳಗೆ ಹಾರುವ ಊರು ಇದೊಂದೇ! ಓಲಗದವರ ಗಾಡಿ ಆಗಲೇ ಅರ್ಧ ಸೇತುವೆ ದಾಟಿ, ಹಿಂದೆ ಯಾರೂ ಬರದ್ದನ್ನು ಕಂಡು ಹಿಮ್ಮುಖವಾಗಿ ವಾಪಸ್ ಬಂದು ಪಕ್ಕಕ್ಕೆ ನಿಂತಿತು.

"ನಡಿಯೋ! ಫ್ರೆಂಚರ ಸೇತುವೆ ಅಂತಾನಾ? ಇವತ್ತೊಂದಿನ ದೇಶಭಕ್ತಿ ಬದಿಗಿಡು" ಎಂದರು ಹಾಜಿ.

"ಯಾವ ದೇಶಭಕ್ತಿ ಹಾಜಿ ಸಾಹೇಬ್ರೇ" ಎಂದಳು ಫತೀಹಾ ಹಿಂದಿನಿಂದ, ಶಾಂತವಾಗಿ. "ಇವರಿಗೆ ಹೆದರಿಕೆ. ಇಪ್ಪತ್ತು ವರ್ಷದಿಂದ ನನಗೆ ಗೊತ್ತು. ಮನೆ ಮರ್ಯಾದೆ ಅಂತ ಸುಮ್ಮನಿದ್ದೆ."

"ಫತೀಹಾ!"

"ಕೂಗಿದ್ರೆ ಕಾರು ಹೋಗುತ್ತೇನ್ರೀ? ಹುಡುಗಿ ಕಾಯ್ತಿದಾಳೆ."

ಸುದ್ದಿ ಎರಡೇ ನಿಮಿಷದಲ್ಲಿ ಹದಿನೆಂಟನೆಯ ಕಾರು ಮುಟ್ಟಿತು. ಬಾಗಿಲುಗಳು ತೆರೆದವು. ಇಡೀ ದಿಬ್ಬಣ ಇಳಿದು ಬಂದು ಅಲ್ಲಾವನ ಕಾರನ್ನು ಮುತ್ತಿತು. ಒಬ್ಬಳು ನಿಂಬೆಹಣ್ಣು ಚೀಪಲು ಕೊಟ್ಟಳು. ಇನ್ನೊಬ್ಬಳು ಕಿತ್ತಳೆ ಹೂವಿನ ನೀರನ್ನು ಮುಖಕ್ಕೆ ಎರಚಿದಳು, ಅದು ಕಣ್ಣಿಗೆ ಹೋಯಿತು. ಒಬ್ಬ ಎರಡೂ ಕಿಟಕಿಗೆ ರಟ್ಟು ಕಟ್ಟಿ, "ಹೇಸರಗತ್ತೆಗೆ ಹೀಗೇ ಮಾಡೋದು, ಪಕ್ಕಕ್ಕೆ ನೋಡಲ್ಲ" ಎಂದ. ಅಲ್ಲಾವ ರಟ್ಟು ಕಿತ್ತು ಅವನ ಮುಖಕ್ಕೇ ಎಸೆದ.

"ಬೇರೆ ಯಾರಾದ್ರೂ ಓಡಿಸ್ಲಿ ಬಿಡೋ" ಎಂದಿತು ಗುಂಪು.

"ಯಾರಾದ್ರೂ ಈ ಸ್ಟೀರಿಂಗ್ ಮುಟ್ಟಿದ್ರೆ ಕೈ ಮುರೀತೀನಿ! ಅಣ್ಣನಿಗೆ ಮಾತು ಕೊಟ್ಟೋನು ನಾನು!"

"ಮಾತು ಕೊಟ್ಟೋನು ಓಡ್ಸು ಮತ್ತೆ!" ಹಾಜಿಗೆ ತಾಳ್ಮೆ ತಪ್ಪಿತು. "ನನ್ನ ಅಂಗಡಿ ಬಾಗಿಲಿಗೆ ಅಡ್ಡ ಕಾರು ನಿಲ್ಸೋಕೆ ಎಲ್ಲಿಂದ ಬರುತ್ತೋ ಧೈರ್ಯ? ಅದು ಸೇತುವೆ ಅಲ್ಲ, ನಿಮ್ಮಪ್ಪನ ಜಾಗ ಅಂತಾನಾ?"

"ಬೀದಿ ನಿಮ್ಮಪ್ಪಂದಾ?" ಎಂದು ಅಲ್ಲಾವ ಗುಡುಗಿದ. ಗುಡುಗುವಾಗ ಕಾಲೂ ಒತ್ತಿತು. ಕಾರು ನಾಲ್ಕು ಮಾರು ಮುಂದಕ್ಕೆ ನೆಗೆದು ಸೇತುವೆಯ ಮೇಲೆ ಮುಂದಿನ ಚಕ್ರ ಇಟ್ಟುಬಿಟ್ಟಿತು! ಅದನ್ನು ಕಂಡ ಕೂಡಲೇ ಅಲ್ಲಾವ ಬ್ರೇಕು ಒತ್ತಿ ಬಿಳುಚಿಕೊಂಡ.

ಹಾಜಿ ಕಾರಿನಿಂದ ಇಳಿದು ಚಪ್ಪಾಳೆ ತಟ್ಟಿದರು. "ನೋಡಿದ್ರಾ! ಸಿಟ್ಟು ಬಂದ್ರೆ ಇವನಿಗೆ ಸೇತುವೆ ಕಾಣಲ್ಲ! ಬೈಯ್ರಪ್ಪಾ, ಎಲ್ರೂ ಬೈಯ್ರಿ!"

ಆಮೇಲೆ ನಡೆದದ್ದು ಯಾವ ಮದುವೆಯಲ್ಲೂ ನಡೆದಿರಲಿಕ್ಕಿಲ್ಲ. ಜನ ಸಾಲುಗಟ್ಟಿ ಬಂದು ಬೈದರು. ಓಲಗದವನು, "ನಿಮ್ಮ ತಾಮ್ರದ ತಟ್ಟೆ ಬರೀ ತಗಡು" ಎಂದು ಹೇಳಿ, "ಬೇಜಾರು ಮಾಡ್ಕೋಬೇಡಿ ಅಣ್ಣಾ" ಎಂದು ಕೈ ಮುಗಿದ. ಫತೀಹಾ ಇಳಿದು ಬಂದು ಇಪ್ಪತ್ತು ವರ್ಷದ ಲೆಕ್ಕ ಶುರು ಮಾಡಿದಳು, ಅವಳಿಗೆ ನೆನಪು ಮಾಡಿಕೊಳ್ಳುವ ಕಷ್ಟವೇ ಇರಲಿಲ್ಲ. ಮನಾಲ್ ಕೂಡ ನಿಲುವಂಗಿ ಎತ್ತಿ ಹಿಡಿದು ಕಿಟಕಿಗೆ ಬಂದು, "ಚಿಕ್ಕಪ್ಪಾ, ನೀವು... ನೀವು ಬಹಳ ಕೆಟ್ಟೋರು!" ಎಂದು, ಮರುಕ್ಷಣವೇ ಅವನ ಕೈಗೆ ಮುತ್ತಿಟ್ಟು ಗೊಳೋ ಎಂದು ಅತ್ತಳು. ಹೆಂಗಸರು ಅವಳ ಕಾಡಿಗೆ ಒರೆಸಲು ಓಡಿದರು. ಗಂಡಿನ ಕಡೆಯ ಗಣಿತದ ಮೇಷ್ಟ್ರೊಬ್ಬರು ಯೋಚಿಸಿ ಯೋಚಿಸಿ, "ನೀವು ಅಷ್ಟೇನೂ ಒಳ್ಳೆ ಮನುಷ್ಯರಲ್ಲ" ಎಂದರು.

ಅಲ್ಲಾವನಿಗೆ ಸಿಟ್ಟು ಬರಲಿಲ್ಲ. ಪ್ರೀತಿಯಿಂದ ಬೈದರೆ ಸಿಟ್ಟು ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷ ಮುಚ್ಚಿಟ್ಟ ಗುಟ್ಟು ಬೀದಿಪಾಲಾದರೂ ಒಬ್ಬರೂ ನಗುತ್ತಿಲ್ಲವಲ್ಲ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೂತ. ಜೀವನದಲ್ಲಿ ಸಿಟ್ಟು ಬೇಕೇ ಬೇಕಾಗಿದ್ದ ಒಂದೇ ಒಂದು ದಿನ ಅದು ಕೈಕೊಟ್ಟಿತ್ತು.

ಕೊನೆಗೆ ಹಾಜಿ ಕಿಟಕಿಯ ಬಳಿ ಬಂದರು. ಅವರ ಮುಖವೂ ಇಳಿದಿತ್ತು. ಅಲ್ಲಾವನ ಬೆನ್ನು ನಿಧಾನವಾಗಿ ತಟ್ಟಿ, ಜನರ ಕಡೆ ತಿರುಗಿ, ಮಗುವಿನ ತೊಟ್ಟಿಲ ಪಕ್ಕ ಮಾತಾಡುವ ದನಿಯಲ್ಲಿ ಹೇಳಿದರು:

"ಬಿಡ್ರಪ್ಪಾ, ಸಾಕು. ಪಾಪ. ಕೈಲಾಗದೋನ ಮೇಲೆ ಕರುಣೆ ಇರ್ಬೇಕು. ನಾಳೆಯಿಂದ ನನ್ನ ಅಂಗಡಿ ಮುಂದೇನೇ ಕಾರು ನಿಲ್ಲಿಸ್ಕೊಳ್ಲಿ, ಪಾಪ."

"ಪಾಪಾನಾ?"

ಆ ಕೂಗಿಗೆ ಹದ್ದುಗಳು ಬೆದರಿದವು. ಅಷ್ಟೊಂದು ಬೈಗುಳ ನುಂಗಿದವನಿಗೆ ಆ ಎರಡಕ್ಷರ ನುಂಗಲಾಗಲಿಲ್ಲ. "ಕೈಲಾಗದೋನಾ? ನಾನಾ? ನನಗೆ ಕರುಣೆ ತೋರ್ಸೋಕೆ ನೀನ್ಯಾವ ಸೀಮೆ ದೊಡ್ಡ ಮನುಷ್ಯ!" ಕಾರು ಬುಸ್ಸೆಂದು ಹಾರಿತು. "ಗಜಕ್ಕೆ ನಾಲ್ಕು ಬೆರಳು ಕಮ್ಮಿ ಅಳೆಯೋನು! ಹದಿನೈದು ವರ್ಷ ನನ್ನ ಟೈರಿನ ಗಾಳಿ ಬಿಟ್ಟೋನು ನೀನೇ ಅಂತ ನನಗೆ ಗೊತ್ತಿಲ್ವಾ? ಪಾಪ ಅಂತೆ, ಪಾಪ!" ಹೀಗೆ ಇಡೀ ಸೇತುವೆಯುದ್ದಕ್ಕೂ, ಪಕ್ಕದಲ್ಲಿಲ್ಲದ ಹಾಜಿಯನ್ನು ಬಾಯಿಗೆ ಬಂದ ಹಾಗೆ ಬೈದ. ಸೇತುವೆ ನಡುಗಿತೋ ಅವನು ನಡುಗಿದನೋ ಗೊತ್ತಾಗಲಿಲ್ಲ. ಆ ಕಡೆ ಈ ಕಡೆ ತಿರುಗುವ ಯೋಚನೆ ಮಾಡಲು ಕೈಗಳಿಗೆ ಪುರುಸೊತ್ತೇ ಸಿಗಲಿಲ್ಲ. ಹಿಂದಿನಿಂದ ಇಡೀ ದಿಬ್ಬಣ ಕೈ ಬೀಸಿ ಬೀಸಿ ಕಿರುಚುತ್ತಾ ಓಡಿಬರುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತು. "ಈಗ ಶಹಬ್ಬಾಸ್ ಅಂತೀರಾ? ನಿಮ್ಮ ಶಹಬ್ಬಾಸ್ ನೀವೇ ಇಟ್ಕೊಳ್ಳಿ!" ಎಂದು ಇನ್ನೂ ಜೋರಾಗಿ ಓಡಿಸಿದ.

ಆಚೆ ದಡ. ಗಟ್ಟಿ ನೆಲ. ಗಂಡಿನ ಮನೆ.

ಬಾಗಿಲಲ್ಲಿ ಹೆಂಗಸರು ಉಲುಲು ಎಂದು ನಾಲಿಗೆ ಆಡಿಸಿ ಸಂಭ್ರಮದ ಕೂಗು ಹಾಕಿದರು. ಲಲ್ಲಾ ಜುಲೈಖಾ ಹಾಲಿನ ಬಟ್ಟಲು, ಖರ್ಜೂರದ ತಟ್ಟೆ ಹಿಡಿದು ನಿಂತಿದ್ದಳು. ಅಲ್ಲಾವ ಇಳಿದ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಹಾಜಿಯ ಮೇಲೂ ಇಲ್ಲ, ಫ್ರೆಂಚರ ಮೇಲೂ ಇಲ್ಲ. ಆಕಾಶದ ಕಡೆ ನೋಡಿ, "ಅಣ್ಣಾ, ಬಿಟ್ಟೆ ನೋಡು ನಿನ್ನ ಮಗಳನ್ನ" ಎಂದು, ಎದೆಯುಬ್ಬಿಸಿ ಹಿಂದಿನ ಬಾಗಿಲು ತೆರೆದ.

ಸೀಟಿನ ಮೇಲೆ ಒಂದು ಹೂಗುಚ್ಛವಿತ್ತು. ಪಕ್ಕದಲ್ಲಿ ಮಿಠಾಯಿಯ ಡಬ್ಬಿ. ಅಷ್ಟೇ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. "ರೀ" ಎಂದಳು ಫತೀಹಾ, ಏದುಸಿರು ಬಿಡುತ್ತಾ. "ನಿಮ್ಮನ್ನ ಬೈಯೋಕೆ ಇಳಿದ ಹುಡುಗಿ ಇಲ್ಲೇ ಕಟ್ಟೆ ಮೇಲೆ ಕೂತಿದಾಳೆ ಕಣ್ರೀ."

"ಬೇರೆ ಕಾರಲ್ಲಿ..." ಎಂದು ಅಲ್ಲಾವ ಬಾಯಿ ತೆರೆಯುವಷ್ಟರಲ್ಲಿ ಲಲ್ಲಾ ಜುಲೈಖಾ ತಲೆಯಾಡಿಸಿದಳು. "ಹತ್ತಿದ ಗಾಡಿಯಿಂದಲೇ ಇಳೀಬೇಕಪ್ಪಾ. ಹೋಗಿ ಕರ್ಕೊಂಡು ಬಾ. ಹೋಗೋವಾಗ ನಿನಗೆ ಬೇಕಾದ ದಾರೀಲಿ ಹೋಗು. ಬರೋವಾಗ ಮಾತ್ರ ಸೇತುವೆ ಮೇಲೆ."

ಅಲ್ಲಾವ ಮತ್ತೆ ಸ್ಟೀರಿಂಗ್ ಹಿಂದೆ ಕೂತ. ಸಿಟ್ಟನ್ನು ಹುಡುಕಿದ. ಎದೆಯಲ್ಲಿ ಎಲ್ಲೂ ಒಂದು ಚೂರೂ ಸಿಗಲಿಲ್ಲ. ಹಾಜಿಯ 'ಪಾಪ'ವನ್ನು ನೆನಪಿಸಿಕೊಂಡ. ಅಂಗಡಿ ಮುಂದಿನ ಜಾಗ ಬಿಟ್ಟುಕೊಟ್ಟ ಒಳ್ಳೆ ಮುದುಕ ಎಂದು ಕರುಳು ಚುರ್ ಎಂದಿತು. ಕೈಗಳು ಆಗಲೇ ಬಲಕ್ಕೆ ತಿರುಗಲು ತವಕಿಸುತ್ತಿದ್ದವು.

ಅವನು ಕಿಟಕಿಯಿಂದ ತಲೆ ಹೊರಹಾಕಿದ. ಅವನ ದನಿಯಲ್ಲಿ ಅಳು ಇತ್ತು. "ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನಿ. ನನಗೆ ಸಿಟ್ಟು ಬರೋ ಹಾಗೆ ಒಂದೇ ಒಂದು ಕೆಟ್ಟ ಮಾತು ಬೈಯ್ರಿ."

"ಅಯ್ಯೋ, ಬೀಗರಿಗಾ? ನಿನ್ನಂಥ ಬಂಗಾರದಂಥ ಮನುಷ್ಯನಿಗಾ?" ಎಂದು ಮುದುಕಿ ಅವನ ಹಣೆಗೆ ಮುತ್ತಿಟ್ಟು, ತೆರೆದ ಬಾಯಿಗೆ ಒಂದು ಖರ್ಜೂರ ಹಾಕಿದಳು.